ಹಿತ್ತಿಲ ಮೆಟ್ಟಿಲಿನ ಕಲ್ಲು

ಹೈಡೆಲ್‌ಬರ್ಗಿನಿಂದ ಬಸ್ಸಿನಲ್ಲಿ ಹೋಗಬೇಕಾದ ಒಂದು ಹಳ್ಳಿಯಲ್ಲಿ, ಹಳೆಯ ಮನೆಯೊಂದರ ಕೆಳಭಾಗವನ್ನು ನಾವು ಬಾಡಿಗೆಗೆ ಹಿಡಿದಿದ್ದೆವು. ಮಹಡಿಯ ಮೇಲೆ ಮನೆಯೊಡತಿ, ಎಂಬತ್ತು ದಾಟಿದ ವಿಧವೆ. ನಾನು ಪ್ರಯೋಗಾಲಯದಿಂದ ತಡವಾಗಿ ಬಂದ ದಿನ ನನ್ನ ಮಗಳಿಗೆ ಸೂಪು ಕುಡಿಸಿ ಪಕ್ಕದಲ್ಲಿ ಕೂರಿಸಿಕೊಂಡಿರುತ್ತಿದ್ದಳು. ಮಗಳು ಅವಳನ್ನು ಓಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು. ಉಡುಪಿಯ ಸ್ವಂತ ಅಜ್ಜಿಯ ಜೊತೆ ಫೋನಿನಲ್ಲಿ ಎರಡು ಮಾತು ಕನ್ನಡ ಆಡಲು ತಡವರಿಸುವವಳು ಇವಳ ಜೊತೆ ಜರ್ಮನ್‌ನಲ್ಲಿ ಮುಗಿಯದಂತೆ ಹರಟುತ್ತಿದ್ದಳು. ಹಾಗಾಗಿ ಆ ಹೆಂಗಸು ಕೆಟ್ಟವಳು ಎಂದು ಹೇಳಿ ಕೈತೊಳೆದುಕೊಳ್ಳುವ ಸುಲಭದ ದಾರಿ ನನಗಿಲ್ಲ.

ಹಿತ್ತಿಲಿಗೆ ಇಳಿಯುವ ಮೆಟ್ಟಿಲುಗಳಲ್ಲಿ ಕೆಳಗಿನದು ಚಳಿಗಾಲ ಕಳೆದ ಮೇಲೆ ಅಲುಗಾಡತೊಡಗಿತ್ತು. ವಸಂತದ ಒಂದು ಶನಿವಾರ, ಕೆಳಗೆ ಜಲ್ಲಿ ತುಂಬಿ ಸರಿಯಾಗಿ ಕೂರಿಸೋಣವೆಂದು ನಾನೂ ನನ್ನ ಗಂಡನೂ ಹಾರೆ ಹಾಕಿ ಆ ಕೆಂಪು ಮರಳುಗಲ್ಲನ್ನು ಮಗುಚಿದೆವು. ಕಲ್ಲಿನ ಅಡಿಮೈಯಲ್ಲಿ ಒದ್ದೆ ಮಣ್ಣು, ಎರೆಹುಳು, ಅವುಗಳ ನಡುವೆ ಚೌಕ ಚೌಕವಾದ ಅಕ್ಷರಗಳು. ನೀರು ಸುರಿದು ಪೊರಕೆಯಿಂದ ಉಜ್ಜಿದೆ. ಹೀಬ್ರೂ ಓದಲು ನನಗೆ ಬಾರದು. ಆದರೆ ಊರಾಚೆ ಕಾಡಂಚಿನಲ್ಲಿ ಹಳೆಯ ಯಹೂದಿ ಸ್ಮಶಾನವೊಂದಿತ್ತು. ಬೀಗ ಹಾಕಿದ ಗೇಟಿನ ಸರಳುಗಳ ಆಚೆ ಇಂಥದೇ ಕೆಂಪು ಕಲ್ಲುಗಳು ವಾಲಿಕೊಂಡು ನಿಂತಿರುವುದನ್ನು ಎಷ್ಟೋ ಭಾನುವಾರ ನೋಡಿದ್ದೆ. ಯಾರದೋ ಗೋರಿಕಲ್ಲನ್ನು ತುಳಿದುಕೊಂಡು ನಾವು ಇಷ್ಟು ಕಾಲ ಬಟ್ಟೆ ಒಣಹಾಕಲು ಹೋಗುತ್ತಿದ್ದೆವು.

ಗಂಡ ಕೈಯ ಮಣ್ಣು ಕೊಡವಿಕೊಂಡ. "ಮೊದಲಿದ್ದ ಹಾಗೆ ಇಟ್ಟುಬಿಡುವ ಮಾರಾಯ್ತಿ. ಇವರ ಊರಿನ ಉಸಾಬರಿ ನಮಗೆಂತಕ್ಕೆ? ಬಾಡಿಗೆಗೆ ಬೇರೆ ವೋನುಂಗ್ ಹುಡುಕುವ ಕಷ್ಟ ನಿಂಗೆ ಗೊತ್ತುಂಟಲ್ಲ."

ಗೊತ್ತಿತ್ತು. ಮನೆಗಾಗಿ ಅಲೆದು ಅಲೆದು ಸುಸ್ತಾಗಿದ್ದಾಗ ಬಾಗಿಲು ತೆರೆದವಳು ಇವಳೊಬ್ಬಳೇ. ಆದರೂ ಮಹಡಿ ಹತ್ತಿ ಹೋಗಿ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನನಗೆ ಮೊದಲು ಚುಚ್ಚಿದ್ದು ಅದು. ತಾನು ಹುಟ್ಟುವ ಹೊತ್ತಿಗೆ, ಯುದ್ಧದ ಕಾಲದಲ್ಲಿ, ಅಪ್ಪ ಅದನ್ನು ಗಾಡಿಯಲ್ಲಿ ತಂದಿದ್ದನಂತೆ, ಆಗ ಊರಿನಲ್ಲಿ ಬೇರೆಯವರೂ ತಂದಿದ್ದರಂತೆ. "ಬಿದ್ದುಕೊಂಡಿದ್ದ ಕಲ್ಲು. ಯಾರೂ ಕೇಳಿಕೊಂಡು ಬರಲಿಲ್ಲ" ಎಂದಳು. ಕೇಳಿಕೊಂಡು ಬರಬೇಕಾದವರನ್ನು ಎಲ್ಲಿಗೆ ಸಾಗಿಸಲಾಗಿತ್ತು ಎಂಬುದು ಅವಳಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಅಕ್ಷರ ಕೆಳಗೆ ಬರುವಂತೆ ಮತ್ತೆ ಕೂರಿಸಿಬಿಡು ಎಂದು ಮೆಲ್ಲಗೆ ಕೇಳಿಕೊಂಡಳು. ಆಗುವುದಿಲ್ಲ, ತಿಳಿಸಬೇಕಾದವರಿಗೆ ತಿಳಿಸುತ್ತೇನೆ ಎಂದೆ. ಅವಳು ಸ್ಟವ್ ಕಡೆಗೆ ತಿರುಗಿಕೊಂಡಳು.

ಆ ಭಾಗದ ಯಹೂದಿ ಸ್ಮಶಾನಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ನಡುವಯಸ್ಸಿನ ಮನುಷ್ಯ ಬಂದ. ಹುಲ್ಲಿನ ಮೇಲೆ ಮಂಡಿಯೂರಿ, ಬಲದಿಂದ ಎಡಕ್ಕೆ ಬೆರಳಾಡಿಸುತ್ತಾ ಓದಿದ. ಹೆಂಗಸಿನ ಕಲ್ಲು. ಅವಳ ಹೆಸರಿತ್ತು, ಅಪ್ಪನ ಹೆಸರಿತ್ತು. ಮೆಟ್ಟಿಲ ಅಳತೆಗೆ ಕೆಳಗಿನ ಭಾಗ ಒಡೆದು ತೆಗೆದಿದ್ದರಿಂದ ಸತ್ತ ವರ್ಷ ಇರಲಿಲ್ಲ. ಇಲ್ಲಿನ ಊರ ಸ್ಮಶಾನಗಳಲ್ಲಿ ಗೋರಿ ಎಂದರೆ ಕೆಲವು ವರ್ಷಗಳ ಬಾಡಿಗೆ. ಅವಧಿ ಮುಗಿದರೆ ತೆರವು ಮಾಡುತ್ತಾರೆ. ನಿಮ್ಮ ಸ್ಮಶಾನಗಳಲ್ಲೂ ಹಾಗೆಯೇ ಎಂದು ಅವನನ್ನು ಕೇಳಿದೆ.

"ಇಲ್ಲ," ಎಂದ. "ಕಲ್ಲು ಹೋದರೂ ಜಾಗ ಸತ್ತವರದ್ದೇ."

ಮನೆಯೊಡತಿ ಅವನಿಗೆ ಕಾಫಿ, ಪ್ಲಮ್ ಕೇಕು ತಂದುಕೊಟ್ಟಳು. ಕಲ್ಲು ಒಯ್ಯಲು ನಗುನಗುತ್ತಾ ಒಪ್ಪಿದಳು.

ಅದನ್ನು ಸ್ಮಶಾನದಲ್ಲಿ ಮರಳಿ ನಿಲ್ಲಿಸಿದ ದಿನ ಊರಿನ ಮೇಯರ್ ಭಾಷಣ ಮಾಡಿದ. ಗೋರಿಯ ಜಾಗ ಯಾವುದೆಂದು ಗೊತ್ತಿಲ್ಲದೆ ಕಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮನೆಯೊಡತಿಯ ಧೈರ್ಯವನ್ನು ಹೊಗಳಿ ಅವನು ಹೂಗುಚ್ಛ ಕೊಟ್ಟ, ಫೋಟೋ ತೆಗೆದರು. ನನ್ನ ಕೈಕುಲುಕಿ, ಜರ್ಮನಿಯಲ್ಲಿ ಇನ್ನೆಷ್ಟು ಕಾಲ ಇರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಉಳಿದವರೂ ತಮ್ಮ ತಮ್ಮ ಹಿತ್ತಿಲು ನೋಡಿಕೊಳ್ಳಲಿ ಎಂದು ಅವನು ಕೋರಿದಾಗ ಜನ ತಮ್ಮ ಶೂಗಳನ್ನು ನೋಡಿಕೊಂಡರು. ಆ ಬೇಸಿಗೆ ಕಳೆದರೂ ಇನ್ನೊಂದು ಕಲ್ಲು ಬರಲಿಲ್ಲ.

ಬಂದದ್ದು ನಮಗೆ ಮನೆ ಬಿಡುವ ನೋಟಿಸು. ಮನೆಯೊಡತಿಯ ಮೊಮ್ಮಗ ಅಲ್ಲಿರಲು ಬರುತ್ತಾನಂತೆ. ಅಷ್ಟು ಹೊತ್ತಿಗೆ ಅವಳು ನನ್ನ ನಮಸ್ಕಾರಕ್ಕೆ ಉತ್ತರ ಕೊಡುವುದನ್ನೂ ನಿಲ್ಲಿಸಿದ್ದಳು. ಅಂಗಳದಲ್ಲಿ ಎದುರಾದಾಗ, ಕಲ್ಲಿನಿಂದಾಗಿಯೇ ಎಂದು ನೇರವಾಗಿ ಕೇಳಿದೆ.

"ಊರಲ್ಲಿ ನನ್ನ ಅಪ್ಪನನ್ನು ಕಳ್ಳ ಅನ್ನುತ್ತಿದ್ದಾರೆ," ಎಂದಳು. "ನೀನು ಬರುವ ಮೊದಲು ಅವನು ಕಳ್ಳನಾಗಿರಲಿಲ್ಲ."

ಅನ್ನುತ್ತಿದ್ದವರ ಹಿತ್ತಿಲುಗಳಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ನಗರದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಓಮಾಳನ್ನು ಬಿಟ್ಟು ಬಂದದ್ದು ನನ್ನಿಂದಲೇ ಎಂದು ಮಗಳು ಜರ್ಮನ್‌ನಲ್ಲಿ ಅತ್ತಳು. ನಾನು ಕನ್ನಡದಲ್ಲಿ ಸಮಾಧಾನ ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಗಂಡ ಮಾತ್ರ "ಹೇಳಿದ್ದೆನಲ್ಲ" ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಕಳೆದ ಶರತ್ಕಾಲದಲ್ಲಿ ಒಬ್ಬಳೇ ಹೋಗಿ, ಕಚೇರಿಯಿಂದ ಬೀಗದ ಕೈ ಕೇಳಿ ಪಡೆದು ಸ್ಮಶಾನದೊಳಗೆ ನಿಂತೆ. ಕಲ್ಲು ಗೋಡೆಗೊರಗಿ ನಿಂತಿತ್ತು, ಬುಡಕ್ಕೆ ಪಾಚಿ ಹತ್ತತೊಡಗಿತ್ತು. ಹಿಂದಿರುಗುವಾಗ ಹಳೆಯ ಮನೆಯ ಮುಂದಿನಿಂದಲೇ ಹಾದು ಬಸ್‌ಸ್ಟಾಪಿಗೆ ನಡೆದೆ. ನಾವಿದ್ದ ಕೆಳಭಾಗದ ಕಿಟಕಿಗಳಿಗೆಲ್ಲ ಶಟರ್ ಎಳೆದಿತ್ತು, ಬಾಗಿಲ ಗಂಟೆಯ ಪಕ್ಕ ನಮ್ಮ ಹೆಸರಿದ್ದ ಜಾಗ ಇನ್ನೂ ಖಾಲಿಯಿತ್ತು. ಮೊಮ್ಮಗ ಬಂದೇ ಇರಲಿಲ್ಲ.