ನರ್ಸಿಗಾಗಿ ಹೇಳಿದ ಒಡಪು

ತೊಂಬತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಪತ್ರಿಕೆಯೊಂದರ ವರದಿಗಾರ. ಅಕ್ಕನನ್ನು ಅಕ್ಕಲಕೋಟ ತಾಲೂಕಿನ ಹಳ್ಳಿಗೆ ಕೊಟ್ಟಿತ್ತು. ಆಗ ಆಕೆ ಏಳು ತಿಂಗಳ ಬಸುರಿ. ಹಿಂದಿನ ಸಲ ಎಸ್‌ಟಿ ಬಸ್ಸಿಗೆ ಕಾಯುತ್ತ ದಾರಿಯಲ್ಲೇ ಹೆತ್ತು ಕೂಸನ್ನು ಕಳೆದುಕೊಂಡಿದ್ದಳು. ಆಮೇಲೆ ಊರಿಗೆ ಒಬ್ಬ ನರ್ಸ್ ಬಂದಿದ್ದಳು. ಈಗ ಆಕೆಯನ್ನು ಬೇರೆ ಊರಿಗೆ ಕಳಿಸುವ ಆದೇಶವಾಗಿತ್ತು.

ಆಕೆಯನ್ನು ಇಲ್ಲೇ ಉಳಿಸಿರೆಂದು ಹೆಂಗಸರು ಹೆಬ್ಬೆಟ್ಟೊತ್ತಿ ಕೊಟ್ಟ ಅರ್ಜಿಯನ್ನು ತಾಲೂಕು ಕಚೇರಿ ನಂಬಲಿಲ್ಲ. ಯಾರೋ ಬರೆದು ಒತ್ತಿಸಿದ್ದು ಎಂದಿತು. ದನಿಯನ್ನೇ ಒಯ್ದರೆ ಅಲ್ಲಗಳೆಯಲಾರರು ಎಂದುಕೊಂಡು ನಾನು ಟೇಪ್ ರೆಕಾರ್ಡರ್ ಹಿಡಿದು ಹೋದೆ.

ಅಕ್ಕನ ಪಡಸಾಲೆಯಲ್ಲಿ ಹೆಂಗಸರು ಸೇರಿದರು. ಮೊದಲು ನಿಮ್ಮ ಹೆಸರು, ಗಂಡನ ಹೆಸರು, ಆಮೇಲೆ ಮಾತು ಎಂದೆ. ಅದು ಸುದ್ದಿಮನೆಯ ಶಿಸ್ತು.

"ಗಂಡನ ಹೆಸರ ಹೆಂಗ ಹೇಳೋದೋ ತಮ್ಮಾ? ಪೇಪರದಾಗ ಬರದು ಬರದು ರೀತಿ ಮರತಿಯೇನ?" ಎಂದಳು ಅಕ್ಕನ ಅತ್ತೆ.

"ಒಡಪಿನ್ಯಾಗ ಹೇಳಿದ್ರ ನಡೀತೈತಲ್ರಿ ಅತ್ತಿ," ಎಂದಳು ಅಕ್ಕ.

ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ಆಟ ಒಡಪು. ಅಲ್ಲಿ ಮಾತ್ರ ಹೆಸರಿಗೆ ಅಡ್ಡಿಯಿಲ್ಲ.

"ಕಣದಾಗ ಹಾಕ್ಯಾರ ಬಿಳಿಜ್ವಾಳದ ರಾಶಿ, ಹೆಸರ ಹೇಳ್ತೀನಿ ಎಲ್ಲಾರ ನಡುವ ನಾಚಿ," ಎಂದು ಶುರುಮಾಡಿ ಅಕ್ಕ ಭಾವನ ಹೆಸರು ಹೇಳಿದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಆಕೆ ಮೆಲ್ಲಗೆ, "ನರ್ಸಬಾಯಿ ಹೋದ್ರ ಈ ಸಲ ನಾನೂ ಉಳ್ಯಾಂಗಿಲ್ರಿ ಸಾಹೇಬ್ರ," ಎಂದಳು. ಉಳಿದವರೂ ಹಾಗೆಯೇ, ಒಡಪು ಹೇಳಿ ಸಂಕಟ ಹೇಳಿದರು. ಪ್ರತಿ ದನಿಗೂ ಹೆಸರು ಸಿಕ್ಕಿತು. ದಾಖಲೆ ಪಕ್ಕಾ ಆಯಿತೆಂದು ಹಿಗ್ಗಿದೆ.

ಅಕ್ಕಲಕೋಟದ ಕಚೇರಿಯಲ್ಲಿ ಗುಂಡಿ ಒತ್ತಿದೆ. ಅಕ್ಕನ ಒಡಪಿಗೇ ಕಾರಕೂನ ನಕ್ಕ.

"ಲಗ್ನದ ಕ್ಯಾಸೆಟ್ ತಂದೀರೇನ್ರಿ ಪತ್ರಕಾರ?"

ಪಕ್ಕದ ಕೋಣೆಯವರೂ ಬಂದು ನಿಂತರು. ಸಾಹೇಬರಿಗೆ ಕನ್ನಡ ಬಾರದು. ಕಾರಕೂನ ಒಡಪುಗಳನ್ನಷ್ಟೇ ಮರಾಠಿಯಲ್ಲಿ ತಿಳಿಸಿ ಹೇಳಿದ. ಮುಂದಿನ ಮಾತು ನಗುವಿನಲ್ಲಿ ಮುಳುಗಿತು. "ಮುಂದಿನ ಮಾತ ಕೇಳ್ರಿ," ಎಂದು ಮತ್ತೆ ಮತ್ತೆ ಅಂದೆ, ಮರಾಠಿಯಲ್ಲೂ ಅಂದೆ. ಅವರು ಅಕ್ಕನದನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಚ್ಚಿಸಿಕೊಂಡರು, ಒಡಪಿನವರೆಗೆ ಮಾತ್ರ. ಬಳಿಕ ಸಾಹೇಬರು ಕಡತ ಮುಚ್ಚಿದರು. ಆದೇಶ ಹಾಗೇ ಉಳಿಯಿತು.

ಹಳ್ಳಿಗೆ ಮರಳಿದಾಗ ಅಕ್ಕ ಬಾಗಿಲಲ್ಲೇ ಕಾದಿದ್ದಳು.

"ನನ್ನ ದನಿ ಹಚ್ಚಿದ್ರೇನೋ?"

"ಎರಡ ಸಲ ಹಚ್ಚಿದ್ರು," ಎಂದೆ.

"ಹಂಗಾರ ನರ್ಸಬಾಯಿಗಿ ಹೇಳಿ ಬರ್ತೀನಿ, ಟ್ರಂಕ ಕಟ್ಟಬ್ಯಾಡ್ರಿ ಅಂತ," ಎಂದು ಹೊಟ್ಟೆ ಹಿಡಿದುಕೊಂಡು ಹೊರಟಳು.

ಕೈ ಹಿಡಿದು ನಿಲ್ಲಿಸಿದೆ. ನನ್ನ ಮುಖ ನೋಡಿದಳು. "ನಕ್ರೇನೋ?" ಎಂದಳು. ಆಮೇಲೆ ನನ್ನ ಚೀಲದಿಂದ ಕ್ಯಾಸೆಟ್ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು.

"ಇದನ್ನ ಇನ್ನ ಯಾರ ಮುಂದೂ ಹಚ್ಚಬ್ಯಾಡ ತಮ್ಮಾ."