ಮೂರನೇ ಸಾಲು ಕಾಯುವ ಅಕ್ಕ

ಶನಿವಾರ ಬೆಳಗಿನ ಐದೂವರೆ. ಮಹಡಿಯ ಕೋಣೆಯಲ್ಲಿ ಅಕ್ಕ ಹಳೆಯ ಕಂಪ್ಯೂಟರನ್ನು ನಾಲ್ಕನೇ ಸಲ ಆರಿಸಿ ಮತ್ತೆ ಹಚ್ಚುತ್ತಾರೆ. ಒಂದೇ ಲೆಕ್ಕವನ್ನು, ನಡುನಡುವೆ ಯಂತ್ರ ಆರಿಸಿ ಹಚ್ಚಿ, ಐದು ಸಲ ಓಡಿಸಬೇಕು; ಪ್ರತಿ ಸಲ ಅದು ಎಷ್ಟು ಮೆಮೊರಿ ನುಂಗಿತೆಂದು ನೋಡಿ, ಐದರಲ್ಲಿ ಹೆಚ್ಚಿನದನ್ನೇ ಬರೆಯಬೇಕು. ಅಷ್ಟು ಹೊತ್ತೂ ಆ ಯಂತ್ರದಲ್ಲಿ ಬೇರೇನೂ ನಡೆಯುವಂತಿಲ್ಲ, ಒಂದು ಹಾಡು ಕೂಡ.

"ಅಕ್ಕಾ, ಕಾಫಿ ಆರ್ತಾ ಇದೆ!" ಕೆಳಗಿನಿಂದ ತಮ್ಮನ ಕೂಗು.

"ಆರ್ಲಿ ಬಿಡೋ, ಇನ್ನೊಂದು ಸಲ ಇದೆ."

ಗಣಿತದ ಟೀಚರಾಗಿ ನಿವೃತ್ತರಾದ ಅಕ್ಕ ಹನ್ನೊಂದು ವರ್ಷದಿಂದ ಮಾಡುತ್ತಿರುವುದು ಇದನ್ನೇ. ದೊಡ್ಡ ದೊಡ್ಡ ಲೆಕ್ಕ ಬಿಡಿಸುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಿ ತಿದ್ದಬಹುದಾದ ತಂತ್ರಾಂಶವೊಂದಿದೆ. ಯಾವ ಲೆಕ್ಕಕ್ಕೆ ಎಷ್ಟು ಮೆಮೊರಿ, ಎಷ್ಟು ಹೊತ್ತು ಬೇಕೆಂದು ಹೇಳುವ ಅದರ ಕೈಪಿಡಿಯ ಪುಟ ಇವರದು. ತಂತ್ರಾಂಶ ನಡೆಸುವ ತಂಡದ ಒಬ್ಬರ ಮುಖವನ್ನೂ ಇವರು ಕಂಡಿಲ್ಲ. ಓದುಗರಿಂದ ಬಂದ ಪತ್ರ ಒಂದೇ, ಅದೂ ಬೈಗುಳ.

ಆರು ವರ್ಷದ ಹಿಂದೆ ಅಕ್ಕ ಪುಟದ ಮೂರನೇ ಸಾಲಿನಲ್ಲಿ, ಲೆಕ್ಕ ಮುಗಿದೊಡನೆ ಮೆಮೊರಿ ತಾನಾಗಿ ಖಾಲಿಯಾಗುತ್ತದೆ ಎಂದು ಅಳೆಯದೆ ಬರೆದುಬಿಟ್ಟಿದ್ದರು. ತಂತ್ರಾಂಶವೋ ಹಳೆಯ ಉತ್ತರಗಳನ್ನು ಸದ್ದಿಲ್ಲದೆ ಕೂಡಿಟ್ಟುಕೊಳ್ಳುತ್ತಿತ್ತು. ಆ ಸಾಲನ್ನು ನಂಬಿದ ಎಲ್ಲಿಯದೋ ವಿದ್ಯಾರ್ಥಿನಿಯ ಒಂಬತ್ತು ದಿನದ ಲೆಕ್ಕ, ಮೆಮೊರಿ ತುಂಬಿ, ಮಣ್ಣುಪಾಲಾಯಿತು; ಆ ಬೈಗುಳ ಅವಳದೇ. ಅಕ್ಕ ಸಾಲು ತಿದ್ದಿ ಕ್ಷಮೆ ಕೇಳಿದರು. ಮರುಮಾತು ಬರಲಿಲ್ಲ.

"ತಿದ್ದಿದ್ದನ್ನ ಆ ಮಗು ನೋಡಿದಾಳೋ ಇಲ್ವೋ. ಅದೊಂದೇ ಕೊರೆಯುತ್ತೆ."

ಈಗ ಪುಟಕ್ಕೇ ಸಂಚಕಾರ ಬಂದಿದೆ. ಓದುವವರಿಲ್ಲ, ಈ ಶನಿವಾರ ಮುಗಿಯುವುದರೊಳಗೆ ಯಾರೂ ಬೇಕೆನ್ನದಿದ್ದರೆ ತೆಗೆಯುತ್ತೇವೆ ಎಂದು ತಂಡ ಪ್ರಕಟಿಸಿದೆ. ಬೇಕೆಂದು ಅಕ್ಕನೂ ಬರೆಯಬಹುದು. "ನನ್ನ ಪುಟ ಇರ್ಲಿ ಅಂತ ನಾನೇ ಹೇಳ್ಕೊಳ್ಳೋದಾ? ನಾಚಿಕೆ ಆಗಲ್ವಾ?" ಎಂದು ನಗುತ್ತಾರೆ. ಐದು ದಿನದಿಂದ ಒಬ್ಬರೂ ಬರೆದಿಲ್ಲ.

ಐದನೇ ಅಳತೆ ಓಡುತ್ತಿರುವಾಗ ಪಕ್ಕದ ಫೋನು ಗುಂಯ್ ಎನ್ನುತ್ತದೆ. ತಂಡಕ್ಕೆ ಯಾರೋ ಬರೆದಿದ್ದಾರೆ: "ತೆಗೆಯಬೇಡಿ. ಇದರ ಮೂರನೇ ಸಾಲು ಒಮ್ಮೆ ನನ್ನ ಒಂಬತ್ತು ದಿನ ತಿಂದಿತ್ತು. ಅಂದಿನಿಂದ ಪ್ರತಿ ಹೊಸ ಆವೃತ್ತಿ ಬಂದಾಗಲೂ ಈ ಪುಟದ ಒಂದೊಂದು ಅಂಕಿಯನ್ನೂ ಪರೀಕ್ಷಿಸುತ್ತೇನೆ. ಮತ್ತೆ ತಪ್ಪು ಸಿಕ್ಕಿಲ್ಲ."

ಅಕ್ಕ ಎರಡು ಸಲ ಓದಿ ಕನ್ನಡಕ ಒರೆಸಿಕೊಳ್ಳುತ್ತಾರೆ. "ಅಬ್ಬಾ! ಆರು ವರ್ಷದಿಂದ ನನ್ನ ಉತ್ತರಪತ್ರಿಕೆ ತಿದ್ತಾ ಇದಾಳೆ!"

ಐದನೇ ಅಳತೆ ಮುಗಿದಿದೆ. ಅಕ್ಕ ಯಂತ್ರವನ್ನು ಮತ್ತೆ ಆರಿಸುತ್ತಾರೆ.

"ಇವತ್ತು ಆರನೇ ಸಲಾನೂ ಅಳೆದುಬಿಡ್ತೀನಿ."