ಬೆವರುಮನೆಯಲ್ಲಿ ಪಂಕ್ತಿ ನಿಯಮ

ಬೆವರುವುದಕ್ಕೆಂದು ಹಾಸನದ ತನಕ ಬಸ್ಸಿನಲ್ಲಿ ಹೋಗಬೇಕೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ; ಹೊಳೆನರಸೀಪುರದ ಏಪ್ರಿಲ್ ತಿಂಗಳು ಆ ಸೇವೆಯನ್ನು ಮನೆಬಾಗಿಲಿಗೇ ತಂದು ಒಪ್ಪಿಸುತ್ತದೆ. ಆದರೂ ಹೋದೆ. ಮಗಳ ಮದುವೆಯ ಪ್ರಶ್ನೆ. ಹುಡುಗ, ಹುಡುಗಿ ಒಪ್ಪಿಯಾಗಿತ್ತು. ಒಪ್ಪಬೇಕಾಗಿದ್ದವರು ಹುಡುಗನ ತಂದೆ, ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ಯಜಮಾನರು. ಎರಡು ತಿಂಗಳಿಂದ ಅವರದು ಒಂದೇ ಮಾತು: "ನೋಡಣ ಮೇಷ್ಟ್ರೇ." ಕೊನೆಗೆ ಹುಡುಗನೇ ಹಾಸನದಲ್ಲಿ ಹೊಸದಾಗಿ ತೆರೆದ ಸೌನಾ ಎಂಬ ಬೆವರುಮನೆಯಲ್ಲಿ ನಮ್ಮಿಬ್ಬರಿಗೂ ಜಾಗ ಗೊತ್ತುಮಾಡಿ, "ಇಬ್ರೂ ಆರಾಮಾಗಿ ಕೂತು ಮಾತಾಡ್ಕಂಡ್ ಬನ್ನಿ" ಎಂದ.

ಅಲ್ಲಿನ ಮೇಲ್ವಿಚಾರಕ, ಮೀಸೆ ನರೆತ ಗಂಭೀರ ಮನುಷ್ಯ, ನಮಗೆ ಉಪದೇಶ ಮಾಡಿದ. ಮೊದಲು ಸೋಪು ಹಾಕಿ ಸ್ನಾನ. ಆಮೇಲೆ ಮರದ ಕೋಣೆಯಲ್ಲಿ ಬಿಸಿ. ಗೋಡೆಯ ಮರಳು ಗಡಿಯಾರ ಬರಿದಾದ ಕೂಡಲೇ ಎದ್ದು ಬಂದು ತಣ್ಣೀರಿನ ತೊಟ್ಟಿಗೆ ಇಳಿಯುವುದು. ಮಿಂದು, ಬೆವರಿ, ಮತ್ತೆ ಮುಳುಗುವುದರಲ್ಲಿ ನಿಜವಾದ ಸ್ನಾನ ಯಾವುದು ಎಂಬುದು ನನಗೆ ಈಗಲೂ ಬಗೆಹರಿದಿಲ್ಲ.

ಮನೆಯಿಂದ ತಂದ ಟವಲ್ ಸುತ್ತಿಕೊಂಡು ಇಬ್ಬರೂ ಹಲಗೆಯ ಮೇಲೆ ಕೂತೆವು, ಊಟದ ಪಂಕ್ತಿಗೆ ಕೂತಂತೆ. ತೊಂದರೆ ಶುರುವಾದದ್ದು ಅಲ್ಲೇ. ಪಂಕ್ತಿಯಲ್ಲಿ ಪಕ್ಕದವರು ಮುಗಿಸುವ ಮುಂಚೆ ಏಳಬಾರದು. ಅದರಲ್ಲೂ ಹೆಣ್ಣಿನ ಕಡೆಯವನು ಗಂಡಿನ ಕಡೆಯವರನ್ನು ಬಿಟ್ಟು ಏಳುವುದುಂಟೇ? ಮರಳು ಮುಗಿಯಿತು. ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿ, ಕೈಚಾಚಿ ಗಡಿಯಾರವನ್ನು ತಿರುಗಿಸಿದರು. ಇನ್ನಷ್ಟು ಕೂರುವ ಆಸೆ ಎಂದುಕೊಂಡೆ. ಎರಡನೆಯ ಸಲ ಮುಗಿದಾಗ, ಉಪಚಾರದಲ್ಲಿ ಕಡಿಮೆಯಾಗಬಾರದೆಂದು ನಾನೇ ತಿರುಗಿಸಿದೆ.

"ಹೇಗಿದೆ ಯಜಮಾನ್ರೇ?"

"ಚೆಂದಾಗದೆ." ಅವರ ಮುಖ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ನಿಮ್ಗೆ ಅಭ್ಯಾಸ ಇರ್ಬೇಕು."

"ಛೆ, ನಿಮ್ಮಷ್ಟಿಲ್ಲ."

ಸಂಬಂಧದ ಮಾತೆತ್ತಲು ಬಾಯಿ ತೆರೆದೆ, ನಾಲಗೆ ಹಪ್ಪಳವಾಗಿತ್ತು.

ಅಷ್ಟರಲ್ಲಿ ಮೇಲ್ವಿಚಾರಕ ಬಾಗಿಲು ತೆಗೆದ. "ಏನ್ ಸಾ, ಇನ್ನೂ ಇಲ್ಲೇ ಇದ್ದೀರಾ! ಮುದ್ದೆನೂ ಇಷ್ಟೊತ್ತು ಬೇಯಿಸಲ್ಲ. ಏಳಿ ಮ್ಯಾಕೆ!"

"ಮೇಷ್ಟ್ರು ಏಳ್ಲಿ ಅಂತ ಕಾಯ್ತಿದ್ದೆ ಕಣಪ್ಪಾ," ಎಂದರು ಯಜಮಾನರು. "ವಯಸ್ಸಲ್ಲಿ ದೊಡ್ಡೋರು."

"ನಾನು ನಿಮಗೋಸ್ಕರ ಕೂತಿದ್ದೆ!"

"ಒಳ್ಳೇ ಜನ," ಎಂದ ಆತ. "ಮರ್ಯಾದೆಲೇ ಸತ್ತೋಗ್ತಿದ್ರಿ."

ತೊಟ್ಟಿಯ ಅಂಚಿನಲ್ಲಿ ಮತ್ತೆ "ನೀವು ಮೊದಲು" ಶುರುವಾಯಿತು. ಆತ ಹಣೆ ಚಚ್ಚಿಕೊಂಡ. ಕೊನೆಗೆ ಒಟ್ಟಿಗೇ ಇಳಿದೆವು. ಐಸು ಹಾಕಿದ ನೀರು. ಅದು ಎದೆಯ ಮಟ್ಟಕ್ಕೆ ಬರುತ್ತಲೇ ಯಜಮಾನರು ನನ್ನ ತೋಳನ್ನು ಗಬಕ್ಕನೆ ಹಿಡಿದು ಕೂಗಿದರು: "ಅಯ್ಯಯ್ಯೋ, ಕೈ ಬಿಡ್ಬ್ಯಾಡಿ ಬೀಗ್ರೇ!"

ಬೀಗರು! ಅದುವರೆಗೆ ನಾನು ಬರೀ ಮೇಷ್ಟ್ರು. ಚಳಿ ಮರೆತು ನಿಂತುಬಿಟ್ಟೆ. ಕೇಳಿ ಖಚಿತಪಡಿಸಿಕೊಳ್ಳೋಣವೆಂದರೆ ಅವರ ಹಲ್ಲು ಕಟಕಟ. ಆಮೇಲೆ ಕಾಫಿ ಕುಡಿದು, ಬಸ್ಸು ಹತ್ತುವಾಗ, "ಬತ್ತೀನಿ ಮೇಷ್ಟ್ರೇ" ಎಂದು ಹೊರಟುಹೋದರು.

"ಏನಂದ್ರು?" ಎಂದಳು ಮನೆಯಲ್ಲಿ ಹೆಂಡತಿ.

"ಬೀಗ್ರೇ ಅಂದ್ರು."

"ಒಪ್ಪಿದ್ರಾ ಹಂಗಾದ್ರೆ?"

"ನೀರೊಳಗೆ ಅಂದ್ರು. ಮೇಲೆ ಬಂದ್ಮೇಲೆ ಮೇಷ್ಟ್ರೇ ಅಂದ್ರು."

"ನೀವು ಹೋಗಿದ್ದು ಮಾತಾಡಕ್ಕೋ, ಈಜಕ್ಕೋ?"

ಧಾರೆಗೆ ಒಂದು ಚೊಂಬು ನೀರು ಸಾಕು. ಎದೆಯುದ್ದದ ನೀರಿನಲ್ಲಿ ನಿಂತು ಆಡಿದ ಮಾತು ಹೆಚ್ಚು ಗಟ್ಟಿಯೋ, ಅಥವಾ ಬರೀ ನಡುಕವೋ?

ಮರುದಿನ ಬೆಳಿಗ್ಗೆ ಯಜಮಾನರ ಫೋನು ಬಂತು. "ನಿಮ್ ಟವಲ್ಲು ನನ್ ಚೀಲಕ್ಕೆ ಬಂದ್ಬುಟ್ಟದೆ ಕಣ್ರೀ. ಭಾನ್ವಾರ ಮದ್ವೆ ದಿನ ನೋಡಕ್ಕೆ ಎಂಗೂ ಬತ್ತೀವಲ್ಲ, ಆಗ ತತ್ತೀನಿ ಬೀಗ್ರೇ."

ಹೆಂಡತಿ ಪಕ್ಕದಲ್ಲೇ ಕಿವಿಯಾನಿಸಿ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ: "ಈಗ ಎಲ್ಲಿದ್ದೀರಿ?"

"ತ್ವಾಟದಲ್ಲಿ."

"ಸುತ್ತಮುತ್ತ ನೀರೇನೂ ಇಲ್ಲವಲ್ಲ?"

"ಇಲ್ಲ, ಕರೆಂಟಿಲ್ಲ, ನೆಲ ಒಣಗ್ ನಿಂತದೆ. ಯಾಕೆ?"

"ಏನಿಲ್ಲ," ಎಂದೆ, "ಸುಮ್ಮನೆ ಕೇಳಿದೆ ಬೀಗ್ರೇ."